ಬಂದಳಿಕೆಯಲ್ಲದ ಜರೀಗಿಡ

ಅಹಮದಾಬಾದಿನ ವಸ್ತ್ರಾಪುರದಲ್ಲಿ, ವೈಶಾಖದ ಬಿಸಿಲಿಗೆ ಕೆರೆಯ ಸುತ್ತಣ ಮರಗಳೇ ಬಾಡಿ ನಿಲ್ಲುವ ದಿನಗಳಲ್ಲಿಯೂ, ನಮ್ಮ ಮನೆಯ ಉತ್ತರದ ಬಾಲ್ಕನಿಯಲ್ಲಿ ತೂಗುಹಾಕಿದ ಮಾವಿನ ಕೊರಡೊಂದನ್ನು ಅಪ್ಪಿಕೊಂಡು ಮಲೆನಾಡಿನ ಜರೀಗಿಡವೊಂದು ಜೀವ ಹಿಡಿದಿದೆ. ತೀರ್ಥಹಳ್ಳಿಯ ಕಡೆಯ ನೆಂಟರ ತೋಟದಲ್ಲಿ ಗಾಳಿಗೆ ಮುರಿದುಬಿದ್ದ ಕೊಂಬೆಯೊಡನೆ ಬಂದ ಈ ಗಿಡವನ್ನು ಕಂಡ ಕನ್ನಡಿಗರೆಲ್ಲರೂ ಮೊದಲು ಕೇಳುವುದು, “ಇದು ಬಂದಳಿಕೆಯಲ್ಲವೆ?” ಎಂದೇ.

ಅಲ್ಲ. ಬಂದಳಿಕೆಯು ಆಶ್ರಯವಿತ್ತ ಮರದ ಒಡಲೊಳಗೆ ಬೇರನ್ನಿಳಿಸಿ ಅದರ ರಸವನ್ನು ಹೀರುವ ಪರೋಪಜೀವಿ. ಇದಾದರೋ ತೊಗಟೆಯ ಮೇಲೆ ನಿಲ್ಲಲು ಎಡೆಯನ್ನಷ್ಟೇ ಬೇಡುವ ಅಧಿಸಸ್ಯ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಡ್ರೈನೇರಿಯ ಕ್ವೆರ್ಸಿಫೋಲಿಯ. ಓಕ್ ಮರದ ಎಲೆಯ ಹೋಲಿಕೆಯನ್ನು ಕಂಡು 1753ರಲ್ಲಿ ಲಿನೇಯಸನು ಇಟ್ಟ ವಿಶೇಷಣವದು.

ಇದರ ವೈಶಿಷ್ಟ್ಯವಿರುವುದು ಎಲೆಗಳಲ್ಲಿ. ಹೆಬ್ಬೆರಳಿಗಿಂತ ದಪ್ಪನಾದ, ಕಂದು ಹುರುಪೆಗಳಿಂದ ಮುಚ್ಚಿ ಮುಟ್ಟಿದರೆ ಅಳಿಲಿನ ಮೈಯಂತಿರುವ ಕಾಂಡಕ್ಕೆ ಒತ್ತಿಕೊಂಡು, ಅಂಗೈಯಗಲದ ಗಿಡ್ಡ ಎಲೆಗಳು ಹುಟ್ಟಿ, ಬೇಗನೆ ಹಸುರಳಿದು, ಒಣ ಹಾಳೆಯಂತೆ ಸರಸರ ಸದ್ದು ಮಾಡುತ್ತ, ಉದುರದೆ ನಿಲ್ಲುತ್ತವೆ. ತರಗು, ತೊಗಟೆಯ ಪುಡಿ, ಧೂಳು, ಮಳೆನೀರು ಎಲ್ಲವೂ ಆ ಬೊಗಸೆಯಲ್ಲಿ ಶೇಖರವಾಗಿ ಕೊಳೆತು ಗೊಬ್ಬರವಾಗಲು, ಗಿಡದ ಬೇರುಗಳು ಅಲ್ಲಿಗೇ ಚಾಚುತ್ತವೆ. ಸೀಳುಸೀಳಾಗಿ ಮೊಳವನ್ನೂ ಮೀರಿ ಬೆಳೆಯುವ ಹಸುರೆಲೆಗಳ ಕೆಲಸ ಬೇರೆ: ಆಹಾರವನ್ನು ತಯಾರಿಸುವುದು, ಕೆಳಮೈಯಲ್ಲಿ ಕಂದು ಚುಕ್ಕೆಗಳಾಗಿ ಬೀಜಕಗಳನ್ನು ಹೊರುವುದು. ಕಡು ಬೇಸಗೆಯಲ್ಲಿ ಆ ಸೀಳುಗಳೆಲ್ಲ ಉದುರಿ ಮೀನಿನ ಮುಳ್ಳಿನಂತೆ ನಡುದಂಟು ಮಾತ್ರ ಉಳಿದರೂ, ಕಾಂಡವು ತಾಳಿಕೊಂಡಿದ್ದು, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ.

ಆದರೂ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯೆಲ್ಲಿ, ಸುಮಾರು 800ಕ್ಕೆ ತೃಪ್ತಿಪಡುವ ಈ ಊರೆಲ್ಲಿ! ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಬೀಜಕವು ಮೊಳೆತು ಉಗುರಿನಷ್ಟಗಲದ ತೆಳುಹಸುರು ಪದರವಾಗಿ, ಅದರ ಮೇಲಣ ನೀರಿನಲ್ಲಿ ಗಂಡು ಕಣಗಳು ಈಜಿ ಹೆಣ್ಣನ್ನು ಸೇರಿದರಲ್ಲದೆ ಹೊಸ ಗಿಡವಿಲ್ಲ. ನಾವು ನಿತ್ಯವೂ ನೀರು ಚಿಮುಕಿಸಿ ಈ ಒಂದನ್ನು ಉಳಿಸಿಕೊಂಡಿದ್ದೇವೆ. ನಮ್ಮ ಬಾಲ್ಕನಿಯಲ್ಲಿ ಅದರ ಸಂತತಿ ಬೆಳೆದಿಲ್ಲ.

ಒಮ್ಮೆ ಹಬ್ಬದ ಶುದ್ಧಿಯಲ್ಲಿ ನಾನೇ ಆ ಒಣ ಎಲೆಗಳನ್ನು ಕಸವೆಂದು ಕಿತ್ತೆಸೆದೆನು. ಮುಂದಿನ ಮಳೆಗಾಲದವರೆಗೂ ಗಿಡವು ಸೊರಗಿತು. ಮಲೆನಾಡಿನ ತೋಟಗಳಲ್ಲಿ ಬಂದಳಿಕೆಯೆಂದು ಬಗೆದು ಇದನ್ನು ಹೆರೆದು ತೆಗೆಯುವವರೂ ಉಂಟು. ಹೊರೆ ಬೆಳೆದು ದುರ್ಬಲವಾದ ಕೊಂಬೆ ಜಗ್ಗುವಂತಿದ್ದರೆ ಇಳಿಸಿರಿ. ಇಲ್ಲವಾದರೆ ಮರದ ಮೇಲೆಯೇ ಇರಗೊಡಿರಿ, ಅದರ ಒಣ ಎಲೆಗಳನ್ನಂತೂ ಕೀಳದಿರಿ.