ವಯಸ್ಸೆಷ್ಟು ಎಂದು ಕೇಳಿದ ಮೇಲೆ…

ಪ್ರೋಗ್ರಾಮಿಂಗ್ ಕಲಿಯುವವರೆಲ್ಲ ಮೊದಲ ದಿನ ಪರದೆಯ ಮೇಲೆ ‘ಹಲೋ, ವರ್ಲ್ಡ್’ ಎಂದು ಮೂಡಿಸುತ್ತಾರೆ. ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕರ್ನಿಘನ್ ಬರೆದ ಪಾಠಗಳಲ್ಲಿ ಕಾಣಿಸಿಕೊಂಡ ಈ ಉದಾಹರಣೆ, ಅವರು ಡೆನಿಸ್ ರಿಚಿ ಜೊತೆಗೂಡಿ 1978ರಲ್ಲಿ ಹೊರತಂದ ಸಿ ಭಾಷೆಯ ಪುಸ್ತಕದಿಂದ ಜಗತ್ತಿಗೆಲ್ಲ ಹಬ್ಬಿತು. ಅಲ್ಲಿ ಕಂಪ್ಯೂಟರ್ ತನ್ನ ಪಾಡಿಗೆ ತಾನು ಮಾತಾಡುತ್ತದೆ, ಅಷ್ಟೆ. ಮುಂದಿನ ಪಾಠದಲ್ಲಿ ಅದು ‘ನಿಮ್ಮ ವಯಸ್ಸೆಷ್ಟು?’ ಎಂದು ಕೇಳುತ್ತದೆ. ತೊಡಕು ಶುರುವಾಗುವುದೇ ಅಲ್ಲಿ. ಎಷ್ಟೋ ಪಠ್ಯಪುಸ್ತಕಗಳು ಇನ್‌ಪುಟ್, ಔಟ್‌ಪುಟ್‌ಗಳನ್ನು ಎರಡು ಪುಟದಲ್ಲಿ ಮುಗಿಸಿ ಲೂಪ್, ಅರೇಗಳ ಕಡೆಗೆ ಓಡುತ್ತವೆ. ಆದರೆ ಪ್ರೋಗ್ರಾಮು ಮನುಷ್ಯರಿಗೆ ಎದುರಾಗುವುದು ಈ ಎರಡು ಕಡೆಗಳಲ್ಲಿ ಮಾತ್ರ.

ಐದಕ್ಕೆ ಆರು ಸೇರಿಸಿದರೆ ಐವತ್ತಾರು

ಪೈಥಾನ್‌ನಲ್ಲಿ ಬಳಕೆದಾರರಿಂದ ಏನನ್ನಾದರೂ ಕೇಳಿ ಪಡೆಯಲು ‘ಇನ್‌ಪುಟ್’ ಎಂಬ ಫಂಕ್ಷನ್ ಇದೆ. ನೀವು ಏನೇ ಟೈಪಿಸಿದರೂ ಅದು ಕೊಡುವುದು ಸ್ಟ್ರಿಂಗ್, ಅಂದರೆ ಬರಿಯ ಅಕ್ಷರಗಳ ಸಾಲು. ಹಾಗಾಗಿ 5 ಮತ್ತು 6 ಪಡೆದು ಕೂಡಿಸಲು ಹೋದರೆ ಉತ್ತರ 11 ಅಲ್ಲ, 56. ಅಕ್ಷರದ ಪಕ್ಕ ಅಕ್ಷರ ಬಂದು ಕೂತಿತು. ‘ಇಂಟ್’ ಹಾಕಿ ಅದನ್ನು ಪೂರ್ಣಾಂಕ ಮಾಡಿಕೊಳ್ಳಬೇಕು ಎಂದು ಮೇಷ್ಟ್ರು ಹೇಳಿಕೊಡುತ್ತಾರೆ. ಹೆಚ್ಚಿನ ತರಗತಿಗಳಲ್ಲಿ ಪಾಠ ಅಲ್ಲಿಗೇ ಮುಗಿಯುತ್ತದೆ.

ಆದರೆ ಟೈಪಿಸುವವರು ಪಠ್ಯಪುಸ್ತಕ ಓದಿ ಬಂದವರಲ್ಲ. ಒಬ್ಬರು ‘ಇಪ್ಪತ್ತು’ ಎಂದು ಬರೆಯುತ್ತಾರೆ, ಇನ್ನೊಬ್ಬರು 12.5 ಎನ್ನುತ್ತಾರೆ, ಮತ್ತೊಬ್ಬರು ಅಲ್ಪವಿರಾಮ ಹಾಕಿ 1,200 ಎಂದು ಕೊಡುತ್ತಾರೆ. ಈ ಮೂರಕ್ಕೂ ‘ಇಂಟ್’ ಒಪ್ಪುವುದಿಲ್ಲ. ‘ವ್ಯಾಲ್ಯೂ ಎರರ್’ ಎಂದು ಕೆಂಪಕ್ಷರದಲ್ಲಿ ಕೂಗಿ ಪ್ರೋಗ್ರಾಮು ನಿಂತುಬಿಡುತ್ತದೆ. ಅದನ್ನು ‘ಟ್ರೈ–ಎಕ್ಸೆಪ್ಟ್’ನಲ್ಲಿ ಹಿಡಿದು ಮತ್ತೆ ಪ್ರಶ್ನೆ ಕೇಳುವುದು ಮೊದಲ ಹೆಜ್ಜೆ. ಬಂದ ಸಂಖ್ಯೆ ನಂಬುವಂಥದ್ದೇ ಎಂದು ನೋಡುವುದು ಎರಡನೆಯದು. ವಯಸ್ಸಿನ ಜಾಗದಲ್ಲಿ ಮೈನಸ್ 5 ಬಂದರೂ 500 ಬಂದರೂ ಪೈಥಾನ್‌ಗೆ ಅವು ಅಪ್ಪಟ ಪೂರ್ಣಾಂಕಗಳೇ. ಇನ್ನು ತಪ್ಪಾದಾಗ ‘ಅಮಾನ್ಯ’ ಎಂದಷ್ಟೇ ಗದರುವ ಬದಲು ‘ವಯಸ್ಸನ್ನು ಅಂಕಿಯಲ್ಲಿ ಬರೆಯಿರಿ, ಉದಾಹರಣೆಗೆ 18’ ಎಂದು ತಿಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಸಿ ಭಾಷೆಯ ಲ್ಯಾಬ್‌ನಲ್ಲಿ ಕೂತವರಿಗೆ ಇದರ ಇನ್ನೊಂದು ಮುಖ ಗೊತ್ತು. ಲೂಪಿನೊಳಗೆ ‘ಸ್ಕ್ಯಾನ್‌ಎಫ್’ ಸಂಖ್ಯೆಗಾಗಿ ಕಾಯುತ್ತಿರುವಾಗ ಯಾರಾದರೂ ಅಕ್ಷರ ಒತ್ತಿದರೆ, ಅದು ಆ ಅಕ್ಷರವನ್ನು ಓದದೆ ಬಫರ್‌ನಲ್ಲೇ, ಅಂದರೆ ಟೈಪಿಸಿದ್ದು ಓದಿಸಿಕೊಳ್ಳಲು ಕಾಯುವ ಜಾಗದಲ್ಲೇ, ಬಿಡುತ್ತದೆ. ಮುಂದಿನ ಸುತ್ತಿನಲ್ಲೂ ಎದುರಾಗುವುದು ಅದೇ ಅಕ್ಷರ. ಪರದೆಯ ಮೇಲೆ ಒಂದೇ ಪ್ರಶ್ನೆ ಕೊನೆಯಿಲ್ಲದೆ ಸುರಿಯತೊಡಗುತ್ತದೆ. ತಾನು ಎಷ್ಟು ಮೌಲ್ಯಗಳನ್ನು ಸರಿಯಾಗಿ ಓದಿದೆ ಎಂಬುದನ್ನು ಸ್ಕ್ಯಾನ್‌ಎಫ್ ಪ್ರತಿ ಸಲವೂ ಹೇಳುತ್ತದೆ. ಕಲಿಯುವವರು ಅದನ್ನು ಕೇಳಿಸಿಕೊಳ್ಳುವುದೇ ಅಪರೂಪ.

ಇದು ಲ್ಯಾಬ್‌ನೊಳಗೇ ಮುಗಿಯುವ ಮಾತಲ್ಲ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಹರಿಯಬಿಟ್ಟ ‘ಮಾರಿಸ್ ವರ್ಮ್’ ಎಂಬ ಪ್ರೋಗ್ರಾಮು ಸಾವಿರಾರು ಕಂಪ್ಯೂಟರುಗಳನ್ನು ಸುಸ್ತು ಮಾಡಿತು. ಅದು ಒಳನುಸುಳಿದ ದಾರಿಗಳಲ್ಲಿ ಒಂದು, ಸಿ ಭಾಷೆಯ ‘ಗೆಟ್ಸ್’ ಎಂಬ ಇನ್‌ಪುಟ್ ಫಂಕ್ಷನ್. ಎಷ್ಟು ಉದ್ದದ ಸಾಲು ಬರುತ್ತಿದೆ ಎಂದು ಗೆಟ್ಸ್ ನೋಡುವುದೇ ಇಲ್ಲ. 512 ಬೈಟ್‌ಗಳಿಗೆಂದು ಇಟ್ಟ ಜಾಗಕ್ಕೆ ವರ್ಮ್ 536 ಬೈಟ್‌ಗಳನ್ನು ಕಳಿಸಿತು. ಪಾವಿನ ಪಾತ್ರೆಗೆ ಸೇರು ಹಾಲು ಹೊಯ್ದಂತೆ ಹೆಚ್ಚಿನದು ಹೊರಗೆ ಚೆಲ್ಲಿತು. ಚೆಲ್ಲಿದ ಜಾಗ ಪ್ರೋಗ್ರಾಮಿನ ಮುಂದಿನ ನಡೆಯನ್ನು ನಿರ್ಧರಿಸುವ ನೆನಪಿನ ಭಾಗವಾಗಿತ್ತು. ಕೊನೆಗೆ 2011ರ ಸಿ ಮಾನದಂಡದಿಂದ ಗೆಟ್ಸ್ ಅನ್ನೇ ಕೈಬಿಡಲಾಯಿತು.

ಉತ್ತರ ಸರಿ, ಓದಲಾಗದು

ಔಟ್‌ಪುಟ್‌ಗೆ ಬರೋಣ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ಮುದ್ರಿಸಿದರೆ 0.30000000000000004 ಎಂದು ಬರುತ್ತದೆ. ಕಂಪ್ಯೂಟರು ಭಿನ್ನರಾಶಿಗಳನ್ನು ಎರಡರ ಆಧಾರದಲ್ಲಿ ಇಟ್ಟುಕೊಳ್ಳುವುದರಿಂದ 0.1 ಅದಕ್ಕೆ ಕರಾರುವಾಕ್ಕಾಗಿ ದಕ್ಕುವುದಿಲ್ಲ. 2016ರಲ್ಲಿ ಬಂದ ಪೈಥಾನ್ 3.6ರ ‘ಎಫ್-ಸ್ಟ್ರಿಂಗ್’ ಬಳಸಿ ದಶಮಾಂಶದ ಮುಂದೆ ಎರಡೇ ಅಂಕಿ ಸಾಕು ಎಂದರೆ 0.30 ಎಂದು ಅಚ್ಚುಕಟ್ಟಾಗಿ ಕಾಣುತ್ತದೆ. ನೆನಪಿಡಬೇಕಾದ್ದು, ಸರಿಹೋದದ್ದು ತೋರಿಕೆ ಮಾತ್ರ. ಒಳಗಿನ ಸಂಖ್ಯೆ ಇದ್ದಂತೆಯೇ ಇದೆ. ಹಣದ ಲೆಕ್ಕಕ್ಕೆ ಪೈಸೆಗಳನ್ನು ಪೂರ್ಣಾಂಕವಾಗಿ ಇಟ್ಟುಕೊಳ್ಳುವುದು ಅಥವಾ ‘ಡೆಸಿಮಲ್’ ಮಾಡ್ಯೂಲ್ ಬಳಸುವುದು ಕ್ಷೇಮ.

ಅದೇ ಎಫ್-ಸ್ಟ್ರಿಂಗ್‌ಗೆ ಅಲ್ಪವಿರಾಮ ಹಾಕು ಎಂದರೆ 1,234,567 ಎಂದು ಮಿಲಿಯನ್ ಲೆಕ್ಕದಲ್ಲಿ ಹಾಕುತ್ತದೆ. ಹನ್ನೆರಡು ಲಕ್ಷ ಚಿಲ್ಲರೆಯನ್ನು 12,34,567 ಎಂದೇ ಓದಿ ರೂಢಿಯಾದ ನಮ್ಮ ಕಣ್ಣು ಅಲ್ಲಿ ಎಡವುತ್ತದೆ. ಭಾರತೀಯ ಪದ್ಧತಿ ಬೇಕಿದ್ದರೆ ‘ಲೊಕೇಲ್’, ಅಂದರೆ ದೇಶ–ಭಾಷೆಯ ರೂಢಿಯನ್ನು, ಹೊಂದಿಸಬೇಕು, ಇಲ್ಲವೇ ನಾವೇ ನಾಲ್ಕು ಸಾಲು ಬರೆಯಬೇಕು.

ಲಕ್ಷ್ಮಿಯ ಹೆಸರು ಒಪ್ಪದ ಪ್ರೋಗ್ರಾಮು

ಕನ್ನಡದಲ್ಲಿ ಬರೆದು ಕನ್ನಡದಲ್ಲಿ ಓದುವವರಿಗೆ ಇನ್ನಷ್ಟು ಸಂಗತಿಗಳಿವೆ. ಒಂದು ಸಂತೋಷದ್ದು: ಯಾರಾದರೂ ೧೮ ಎಂದು ಕನ್ನಡ ಅಂಕಿಯಲ್ಲೇ ಟೈಪಿಸಿದರೂ ಪೈಥಾನ್‌ನ ‘ಇಂಟ್’ ಅದನ್ನು ಹದಿನೆಂಟೆಂದೇ ಓದುತ್ತದೆ. ಹೆಸರುಗಳ ವಿಷಯದಲ್ಲಿ ಮಾತ್ರ ಈ ಸುಖವಿಲ್ಲ. ಹೆಸರಿನಲ್ಲಿ ಅಕ್ಷರಗಳಷ್ಟೇ ಇವೆಯೇ ಎಂದು ನೋಡಲು ಕಲಿಯುವವರು ‘ಇಸ್‌ಆಲ್ಫಾ’ ಬಳಸುತ್ತಾರೆ. ಅದು ‘ರಮಣ’ ಎಂಬ ಹೆಸರನ್ನು ಒಪ್ಪುತ್ತದೆ, ‘ಲಕ್ಷ್ಮಿ’ಯನ್ನು ತಿರಸ್ಕರಿಸುತ್ತದೆ. ಯೂನಿಕೋಡ್ ಪ್ರಕಾರ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯೂ ಗುಡಿಸೂ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ಇನಿಷಿಯಲ್ ಇಟ್ಟುಕೊಂಡವರ ಹೆಸರಿನ ಚುಕ್ಕಿಗೂ ಇದೇ ಗತಿ.

ಅಂಕಪಟ್ಟಿ ಮುದ್ರಿಸುವಾಗಲೂ ಹೀಗೆಯೇ. ಹೆಸರಿಗೆ ಹತ್ತು ಸ್ಥಾನ ಕೊಡು ಎಂದರೆ ಪೈಥಾನ್ ‘ರವಿ’ಗೆ ಏಳು ಖಾಲಿ ಜಾಗ ಸೇರಿಸುತ್ತದೆ, ‘ಲಕ್ಷ್ಮಿ’ಗೆ ಮೂರೇ. ನಮಗೆ ಎರಡೂ ಎರಡಕ್ಷರದ ಹೆಸರುಗಳು. ಅದರ ಎಣಿಕೆಯಲ್ಲಿ ಮೊದಲನೆಯದು ಮೂರು ಸಂಕೇತ, ಎರಡನೆಯದು ಏಳು. ಪಟ್ಟಿ ಸೊಟ್ಟಗಾಗುತ್ತದೆ. ಕನ್ನಡದ ಸಾಲುಗಳನ್ನು ಸ್ಪೇಸ್ ಹಾಕಿ ನೇರ ಮಾಡುವ ಹಟ ಬಿಟ್ಟು, ವೆಬ್ ಪುಟದ ಟೇಬಲ್‌ನಲ್ಲೋ ಸ್ಪ್ರೆಡ್‌ಶೀಟ್‌ನಲ್ಲೋ ಕೂರಿಸುವುದೇ ಸರಿಯಾದ ಉಪಾಯ. ಇಂಗ್ಲಿಷ್ ಉದಾಹರಣೆಗಳಲ್ಲೇ ಪಾಠ ಮುಗಿಸುವ ತರಗತಿಯಲ್ಲಿ ಈ ಯಾವ ಸಮಸ್ಯೆಯೂ ಕಣ್ಣಿಗೆ ಬೀಳುವುದಿಲ್ಲ.

ಅಧ್ಯಾಪಕರಲ್ಲಿ ಒಂದು ವಿನಂತಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಸರಿಯಾದ ಇನ್‌ಪುಟ್‌ಗೆ ಸರಿಯಾದ ಉತ್ತರ ಬಂದರೆ ಪೂರ್ತಿ ಅಂಕ ಕೊಡಬೇಡಿ. ಖಾಲಿ ಎಂಟರ್ ಒತ್ತಿ ನೋಡಿ, ಸಂಖ್ಯೆಯ ಜಾಗದಲ್ಲಿ ಹೆಸರು ಕೊಡಿ, ಕನ್ನಡದಲ್ಲಿ ಟೈಪಿಸಿ. ಕಲಿಯುವವರಿಗೂ ಅಷ್ಟೆ: ನಿಮ್ಮ ಪ್ರೋಗ್ರಾಮನ್ನು ಮನೆಯಲ್ಲಿ ಕೋಡಿಂಗ್ ಗಂಧವಿಲ್ಲದ ಯಾರ ಕೈಗಾದರೂ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ಅವರನ್ನಲ್ಲ, ನಿಮ್ಮ ಕೋಡನ್ನು.