ಇದ್ದಿಲು ಸೋತ ಮೇಲೆ

ಕೃತಕ ಲಿವರ್‌ನ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸೋಲು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ರೋಜರ್ ವಿಲಿಯಮ್ಸ್ ಅವರ ತಂಡ 1970ರ ದಶಕದಿಂದಲೂ ಲಿವರ್ ಕೆಟ್ಟು ಪ್ರಜ್ಞೆ ತಪ್ಪಿದವರ ರಕ್ತವನ್ನು ಇದ್ದಿಲಿನ ಮೂಲಕ ಹಾಯಿಸುತ್ತಿತ್ತು. ಇದ್ದಿಲು ವಿಷ ಹೀರುತ್ತದೆ. ಕೆಲವರು ಚೇತರಿಸಿಕೊಂಡರು, ಆಸೆ ಚಿಗುರಿತು. ಆಮೇಲೆ ಅದೇ ತಂಡ ಚಿಕಿತ್ಸೆಯನ್ನು ಒರೆಗೆ ಹಚ್ಚಿತು. 1988ರಲ್ಲಿ ಹೊರಬಿದ್ದ ಲೆಕ್ಕ ಹೀಗಿತ್ತು: ಆಳವಾದ ಕೋಮಾಕ್ಕೆ ಜಾರಿದವರಲ್ಲಿ ಇದ್ದಿಲಿನ ಚಿಕಿತ್ಸೆ ಪಡೆದು ಉಳಿದವರು ಶೇ 34.5, ಪಡೆಯದೆಯೇ ಉಳಿದವರು ಶೇ 39.3. ವರ್ಷಗಟ್ಟಲೆ ತಾವೇ ಬೆಳೆಸಿದ ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ತಾವೇ ಬರೆಯುವುದಕ್ಕೆ ಗಟ್ಟಿ ಎದೆ ಬೇಕು.

ಎಡವಿದ್ದೆಲ್ಲಿ? ಮೂತ್ರಪಿಂಡಕ್ಕೆ ಡಯಾಲಿಸಿಸ್ ಒದಗಿತ್ತು; ಲಿವರಿಗೂ ಅದೇ ದಾರಿ ಎಂದುಕೊಂಡಿದ್ದರು. ಆದರೆ ಮೂತ್ರಪಿಂಡ ಹೊರಹಾಕುವ ಯೂರಿಯಾ ನೀರಿನಲ್ಲಿ ಕರಗಿ ಡಯಾಲಿಸಿಸ್‌ನ ಪೊರೆಯಾಚೆ ನುಸುಳುವ ವಸ್ತು. ಲಿವರ್ ಹೊರಹಾಕಬೇಕಾದ ಬಿಲಿರುಬಿನ್, ಪಿತ್ತಾಮ್ಲಗಳು ಹಾಗಲ್ಲ, ರಕ್ತದ ಅಲ್ಬುಮಿನ್ ಪ್ರೋಟೀನನ್ನು ಕಚ್ಚಿಕೊಂಡೇ ಓಡಾಡುತ್ತವೆ. ಜರ್ಮನಿಯ ರಾಸ್ಟಾಕ್‌ನಲ್ಲಿ ಸ್ಟಾಂಗೆ ಮತ್ತು ಮಿಟ್ಸ್‌ನರ್ ಇದಕ್ಕೊಂದು ಉಪಾಯ ಹೂಡಿದರು. ಪೊರೆಯ ಆಚೆ ಬದಿಗೂ ಅಲ್ಬುಮಿನ್ ಇಟ್ಟರೆ ವಿಷ ಆ ಕಡೆಗೆ ದಾಟುತ್ತದಲ್ಲ! 1993ರಲ್ಲಿ ಅವರು ಪ್ರಕಟಿಸಿದ ಈ ಯೋಚನೆಯೇ ‘ಮಾರ್ಸ್’ ಯಂತ್ರವಾಯಿತು. ಎಷ್ಟು ಚೆಂದದ ತರ್ಕ! ಆದರೂ 189 ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದ ಪರೀಕ್ಷೆ 2013ರಲ್ಲಿ ಪ್ರಕಟವಾದಾಗ, 28 ದಿನಗಳಲ್ಲಿ ಉಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಚೀನಾದ ಹಾಂಗ್‌ಝೌನಲ್ಲಿ ಕತೆ ಬೇರೆ ಹಾದಿ ಹಿಡಿದಿತ್ತು. ಹಳ್ಳಿಯ ‘ಬರಿಗಾಲ ವೈದ್ಯೆ’ಯಾಗಿ ಕೆಲಸ ಆರಂಭಿಸಿದ್ದ ಲೀ ಲಾನ್‌ಜುವಾನ್ 1986ರಲ್ಲಿ ಕೃತಕ ಲಿವರ್ ಸಂಶೋಧನೆಗೆ ಕೈಹಾಕಿದರು. ಅಲ್ಲಿ ಲಿವರ್ ವೈಫಲ್ಯವೆಂದರೆ ಮುಖ್ಯವಾಗಿ ಹೆಪಟೈಟಿಸ್ ಬಿ; 1992ರ ಸಮೀಕ್ಷೆಯಲ್ಲಿ ಆ ದೇಶದ ಶೇ 9.75 ಜನರ ರಕ್ತದಲ್ಲಿ ಅದರ ಗುರುತು ಸಿಕ್ಕಿತ್ತು. ಈ ವೈರಸ್ ತಾನಾಗಿ ಜೀವಕೋಶವನ್ನು ಕೊಲ್ಲುವುದು ಕಡಿಮೆ. ಸೋಂಕು ಹೊಕ್ಕ ಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ಪಡೆ ಮುಗಿಬೀಳುತ್ತದೆ, ಲಿವರ್ ಆ ಕಾಳಗದಲ್ಲಿ ನುಚ್ಚುನೂರಾಗುತ್ತದೆ.

ಲೀ ತಂಡದ ಮುಖ್ಯ ಅಸ್ತ್ರ ಪ್ಲಾಸ್ಮಾ ಬದಲಾವಣೆ: ರೋಗಿಯ ಪ್ಲಾಸ್ಮಾ ಬೇರ್ಪಡಿಸಿ ಚೆಲ್ಲು, ದಾನಿಗಳದ್ದನ್ನು ತುಂಬು. ಒರಟು ಉಪಾಯವೇ, ಆದರೆ ಉಳಿದವರು ಮರೆತಿದ್ದನ್ನು ಇದು ನೆನಪಿಟ್ಟುಕೊಂಡಿತ್ತು. ಲಿವರ್ ಕೊಳೆ ತೊಳೆಯುವುದಷ್ಟೇ ಅಲ್ಲ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ತಯಾರಿಸುತ್ತದೆ; ಹೊಸ ಪ್ಲಾಸ್ಮಾದೊಂದಿಗೆ ಅವೂ ಬರುತ್ತವೆ. ತೊಡಕೆಂದರೆ ಅಷ್ಟು ಪ್ಲಾಸ್ಮಾ ಹೊಂದಿಸುವುದು. ಹೀಗಾಗಿ ಬದಲಾವಣೆಯ ಪ್ರಮಾಣ ತಗ್ಗಿಸಿ, ಜೊತೆಗೆ ಸೋಸುವಿಕೆ, ಹೀರಿಕೆಗಳನ್ನು ಬೆಸೆದ ‘ಲೀ’ ಪದ್ಧತಿ ರೂಪುಗೊಂಡಿತು.

ಪ್ಲಾಸ್ಮಾ ಬದಲಾವಣೆಗೆ ಗಟ್ಟಿ ಪುರಾವೆ ಒದಗಿದ್ದು 2016ರಲ್ಲಿ, ಕೋಪನ್‌ಹೇಗನ್ ವೈದ್ಯರ ನೇತೃತ್ವದ ಪರೀಕ್ಷೆಯಿಂದ. ಹಠಾತ್ತನೆ ಲಿವರ್ ಸೋತ 182 ರೋಗಿಗಳಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಪ್ಲಾಸ್ಮಾ ಬದಲಾಯಿಸಿಕೊಂಡವರು ಶೇ 58.7ರಷ್ಟು ಉಳಿದರು, ಬದಲಾಯಿಸಿಕೊಳ್ಳದ ಗುಂಪಿನಲ್ಲಿ ಶೇ 47.8. ಆದರೆ ಹಳೆಯ ಹೆಪಟೈಟಿಸ್ ಬಿ ಕೆರಳಿ ಲಿವರ್ ಕುಸಿದವರಿಗೆ ಈ ಅಂಕಿಯನ್ನು ಹಾಗೇ ಅನ್ವಯಿಸಲಾಗದು. ಯಂತ್ರ ವೈರಸ್ಸನ್ನು ಮುಟ್ಟುವುದಿಲ್ಲ, ಲಿವರ್ ಮತ್ತೆ ಬೆಳೆಯಲು ಇಲ್ಲವೇ ಕಸಿಗೆ ಅಂಗ ಸಿಗಲು ನಾಲ್ಕು ದಿನ ಗಳಿಸಿಕೊಡುತ್ತದೆ, ಅಷ್ಟೆ. ವೈರಸ್ಸನ್ನು ಅಡಗಿಸುವುದು ಮಾತ್ರೆಯ ಕೆಲಸ. ಅಂಥ ರೋಗಿಗಳ ಮೇಲೆ ದೆಹಲಿಯ ವೈದ್ಯರು ನಡೆಸಿದ ಸಣ್ಣ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು: ವೈರಸ್ ಅಡಗಿಸುವ ಟೆನೊಫೊವಿರ್ ಮಾತ್ರೆ ಪಡೆದ 14 ಮಂದಿಯಲ್ಲಿ ಮೂರು ತಿಂಗಳ ನಂತರ 8 ಮಂದಿ ಬದುಕಿದ್ದರು, ಬರೀ ಹುಸಿಮಾತ್ರೆ ಪಡೆದ 13ರಲ್ಲಿ 2.