ಬಿಸಿಲೂರಿನ ದುಡಿಮೆ, ಮಳೆಯೂರಿನ ಮನೆ

ಬೈಂದೂರಿನಿಂದ ಶಿರೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ಹಂಚಿನ ಮಾಡಿನ ಹಳೆಯ ಮನೆಗಳ ನಡುವೆ ಅಲ್ಲಲ್ಲಿ ತಾರಸಿಯ ದೊಡ್ಡ ಮನೆಗಳು ಕಾಣಿಸುತ್ತವೆ. ಅವುಗಳಲ್ಲಿ ಕೆಲವದರ ಮೇಲಂತಸ್ತಿನ ಕಿಟಕಿಗಳು ವರ್ಷದ ಬಹುಪಾಲು ಮುಚ್ಚಿಯೇ ಇರುತ್ತವೆ. ಕಟ್ಟಿಸಿದಾತ ದುಬೈಯಲ್ಲೋ ಮಸ್ಕತ್ತಿನಲ್ಲೋ ಕುವೈತಿನಲ್ಲೋ ಇರುತ್ತಾನೆ. 'ಎರಡು ವರ್ಷ ದುಡಿದು ಬರುತ್ತೇನೆ' ಎಂದು ಹೊರಟವನು ಇಪ್ಪತ್ತು ವರ್ಷ ಕಳೆದರೂ ರಜೆಯಲ್ಲಿ ಮಾತ್ರ ಬಂದು ಹೋಗುತ್ತಾನೆ. ಈ 'ಸ್ವಲ್ಪ ಕಾಲ' ಎಂಬುದು ಹೀಗೆ ಉದ್ದವಾಗುವುದೇಕೆ, ಇಷ್ಟು ಉದ್ದವಾದರೂ ಅದು 'ಸ್ವಲ್ಪ ಕಾಲ'ವಾಗಿಯೇ ಉಳಿಯುವುದೇಕೆ ಎಂಬುದು ಕರಾವಳಿಯ ಇತ್ತೀಚಿನ ಚರಿತ್ರೆಯ ಒಂದು ಮುಖ್ಯ ಪ್ರಶ್ನೆ.

ಅರಬ್ಬೀ ಸಮುದ್ರದ ಆಚೆಯ ದಡ ಈ ಭಾಗದವರಿಗೆ ಎಂದೂ ಅಪರಿಚಿತವಾಗಿರಲಿಲ್ಲ. ಕುಂದಾಪುರದ ಬಳಿಯ ಬಸರೂರು ಒಂದು ಕಾಲಕ್ಕೆ ಹೆಸರಾಂತ ಬಂದರು. ಇಲ್ಲಿನ ಅಕ್ಕಿ ಹೋರ್ಮುಜ್, ಮಸ್ಕತ್ತುಗಳಿಗೆ ಹಡಗೇರುತ್ತಿತ್ತು. ಅರೇಬಿಯಾದ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಭಟ್ಕಳ, ಶಿರೂರುಗಳ ನವಾಯತರು ತಮ್ಮ ಮೂಲವನ್ನು ಅರಬ್ ವರ್ತಕರಲ್ಲಿ ಗುರುತಿಸಿಕೊಳ್ಳುತ್ತಾರೆ. ಅವರ ಮನೆಮಾತಿನಲ್ಲಿ ಕೊಂಕಣಿಯ ಜೊತೆ ಅರಬ್ಬಿ, ಪಾರಸಿ ಶಬ್ದಗಳು ಬೆರೆತಿವೆ. ಆದರೆ ಆ ಕಾಲದಲ್ಲಿ ದಡ ದಾಟುತ್ತಿದ್ದುದು ಸರಕು ಮತ್ತು ವರ್ತಕ. ಕೂಲಿಗಾಗಿ, ಸಂಬಳಕ್ಕಾಗಿ ಹಳ್ಳಿಯ ಹುಡುಗರು ಸಾಲುಗಟ್ಟಿ ಹೊರಟಿದ್ದು ಕಳೆದ ಐವತ್ತು ವರ್ಷಗಳ ಸಂಗತಿ.

ಅದಕ್ಕೂ ಹಿಂದೆ ಕೊಲ್ಲಿಯ ಅನೇಕ ಊರುಗಳ ಪೇಟೆಯಲ್ಲಿ ನಡೆಯುತ್ತಿದ್ದುದು ಭಾರತದ ರೂಪಾಯಿ ಎಂಬುದು ಇಂದಿನವರಿಗೆ ಅಚ್ಚರಿ ತರಬಹುದು. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು 1959ರಲ್ಲಿ ಭಾರತ ಸರ್ಕಾರ ಅಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ದುಬೈ ಮುಂತಾದ ಊರುಗಳು ಅದನ್ನು ಕೈಬಿಟ್ಟವು. ಅದೇ 1966ರಲ್ಲಿ ದುಬೈಯಲ್ಲಿ ತೈಲ ಸಿಕ್ಕಿತು. ಹಣದ ಹರಿವಿನ ದಿಕ್ಕೇ ಬದಲಾದ ವರ್ಷವದು.

1971ರಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳ ಒಕ್ಕೂಟ ರಚನೆಯಾಯಿತು. 1973ರಲ್ಲಿ ಜಗತ್ತಿನ ತೈಲ ಬೆಲೆ ಏಕಾಏಕಿ ಏರಿತು. ರಸ್ತೆ, ಬಂದರು, ವಸತಿ ಕಟ್ಟಡಗಳ ಕೆಲಸ ಭರದಿಂದ ಸಾಗಿತು. 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆಯಿತು. ಹಣವಿತ್ತು, ಕೈಗಳಿರಲಿಲ್ಲ. ಇತ್ತ ಕುಂದಾಪುರ ಸೀಮೆಯ ಹುಡುಗರು ಆ ಹೊತ್ತಿಗಾಗಲೇ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಪರಊರಿನ ಬದುಕಿಗೆ ಪಳಗಿದ್ದರು. ಅವರಲ್ಲಿ ಹಲವರಿಗೆ ಮುಂಬಯಿಯೇ ಕೊಲ್ಲಿಯ ಹೆಬ್ಬಾಗಿಲಾಯಿತು. ಏಜೆಂಟರ ಕಚೇರಿಗಳಿದ್ದುದು ಅಲ್ಲಿ, ವಿಮಾನ ಹೊರಡುತ್ತಿದ್ದುದೂ ಅಲ್ಲಿಂದ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅಂದಿನಿಂದ ಆಚೆ ದಡ ಮೂರೂವರೆ ಗಂಟೆಯ ದಾರಿಯಾಯಿತು.

ದಾರಿ ಹತ್ತಿರವಾದರೂ ಎರಡು ಊರುಗಳ ಆಕಾಶ ಬೇರೆ ಬೇರೆ. ಬೈಂದೂರಿನಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದರೆ ದುಬೈಯಲ್ಲಿ ಸರಾಸರಿ 100 ಮಿ.ಮೀ. ಕೂಡ ಆಗುವುದಿಲ್ಲ. 2024ರ ಏಪ್ರಿಲ್ 16ರಂದು ಅಲ್ ಐನ್ ಪ್ರದೇಶದ ಒಂದು ಕೇಂದ್ರದಲ್ಲಿ ಒಂದು ದಿನದೊಳಗೆ 254 ಮಿ.ಮೀ. ಮಳೆಯಾಗಿ, 1949ರಲ್ಲಿ ದಾಖಲೆ ಆರಂಭವಾದ ಮೇಲಿನ ಅತಿ ದೊಡ್ಡ ಮಳೆ ಎನಿಸಿತು. ದುಬೈಯ ವಿಮಾನ ನಿಲ್ದಾಣ ನೀರಿನಲ್ಲಿ ನಿಂತಿತು. ಆಷಾಢದ ಜಡಿಮಳೆಯಲ್ಲಿ ಬೆಳೆದವನಿಗೆ ಅದು ಕಂಡರಿಯದ ಮಳೆಯೇನೂ ಅಲ್ಲ. ಅವನು ಕಂಡರಿಯದಿದ್ದುದು ಅಲ್ಲಿನ ಬಿಸಿಲು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಿತ್ಯದ ಮಾತು. ಕಡಲಿನ ತೇವ ಸೇರಿದರೆ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ, ಶಾಖಾಘಾತವಾಗುತ್ತದೆ. ಆದ್ದರಿಂದಲೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಅಲ್ಲಿದೆ.

ಬಿಸಿಲಿಗಿಂತಲೂ ಆಳವಾಗಿ ಬದುಕನ್ನು ರೂಪಿಸಿದ್ದು ಕಾಯಿದೆ. ಕೊಲ್ಲಿಯ ನಾಡುಗಳಲ್ಲಿ ಹೊರಗಿನವನ ವಾಸ ಅವನ ಉದ್ಯೋಗಕ್ಕೆ ಕಟ್ಟುಬಿದ್ದಿದೆ. ಕೆಲಸ ಕೊಟ್ಟವನೇ ಪ್ರಾಯೋಜಕ; ಅವನಿಗೆ 'ಅರ್ಬಾಬ್' ಎಂಬ ಹೆಸರು ಗಲ್ಫಿಗರ ಬಾಯಲ್ಲಿ ರೂಢಿ. ಸಾಮಾನ್ಯ ನೌಕರನ ವೀಸಾ ಎರಡು ವರ್ಷದ್ದು. ಅದನ್ನು ಹತ್ತು ಸಲ ನವೀಕರಿಸಬಹುದು, ಆದರೆ ಹತ್ತನೆಯ ಸಲವೂ ಅದು ಎರಡೇ ವರ್ಷದ್ದು. ಕೆಲಸ ಹೋದರೆ ಗೊತ್ತಾದ ಅವಧಿಯೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಊರಿಗೆ ಮರಳಬೇಕು. ಕೆಲಸ ಬದಲಿಸುವ ನಿಯಮಗಳು ಈಚೆಗೆ ಸಡಿಲವಾಗಿವೆ. 2019ರಿಂದ ಹಣವಂತರಿಗೆ, ವಿಶೇಷ ಪರಿಣತರಿಗೆ ದೀರ್ಘಾವಧಿ ವೀಸಾ ಬಂದಿದೆ. ಆದರೆ ಅಂಗಡಿಯ ಸಹಾಯಕ, ಚಾಲಕ, ಬಡಗಿಗಳಿಗೆ ಪೌರತ್ವದ ಬಾಗಿಲು ತೆರೆದಿಲ್ಲ. ಒಕ್ಕೂಟದ ಜನರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಹೊರನಾಡಿನವರು. ಹೀಗಿರುವಾಗ ಇದು ಅಚಾತುರ್ಯದಿಂದ ಆದದ್ದಲ್ಲ, ಆ ದೇಶದ ವ್ಯವಸ್ಥೆಯ ಅಡಿಗಲ್ಲೇ ಇದು.

ಕುಟುಂಬವನ್ನು ಕರೆಸಿಕೊಳ್ಳುವುದಕ್ಕೂ ಸಂಬಳದ ಮಿತಿಯಿದೆ. ತಿಂಗಳಿಗೆ 4,000 ದಿರ್ಹಮ್ ಅಥವಾ ವಸತಿ ಸಹಿತ 3,000 ದಿರ್ಹಮ್ ಗಳಿಸದವನು ಹೆಂಡತಿ ಮಕ್ಕಳನ್ನು ತನ್ನೊಂದಿಗೆ ಇರಿಸಿಕೊಳ್ಳಲಾರ. ಹೀಗಾಗಿ ಒಂದು ಕೋಣೆಯಲ್ಲಿ ಆರೆಂಟು ಗಂಡಸರು, ಮಂಚದ ಮೇಲೆ ಮಂಚ. ಶುಕ್ರವಾರ ಊರಿನ ಮೀನುಸಾರು. ಇತ್ತ ಬೈಂದೂರಿನ ಮನೆಯಲ್ಲಿ ಬ್ಯಾಂಕಿನ ವ್ಯವಹಾರ, ಮೇಸ್ತ್ರಿಯ ಲೆಕ್ಕ, ಮಕ್ಕಳ ಶಾಲೆ, ಅತ್ತೆ ಮಾವಂದಿರ ಔಷಧ ಎಲ್ಲವೂ ಹೆಂಗಸಿನ ಹೆಗಲಿಗೆ. ಗಲ್ಫಿನ ದುಡಿಮೆ ಎಂದರೆ ಗಂಡಸಿನ ದುಡಿಮೆ ಎಂಬ ಮಾತು ಅರ್ಧ ಸತ್ಯ. ಹಣ ಬಂದದ್ದು ಅಲ್ಲಿಂದ, ಅದು ಮನೆಯಾಗಿ ಎದ್ದು ನಿಂತದ್ದು ಇವಳಿಂದ.

ದುಡಿಯುವ ಊರಿನಲ್ಲಿ ಬೇರೂರಲು ಆಗದವನು ಹುಟ್ಟೂರಿನಲ್ಲಿ ಬೇರನ್ನು ಗಟ್ಟಿ ಮಾಡಿಕೊಳ್ಳುತ್ತಾನೆ. ಮನೆ, ತೋಟ, ತಂಗಿಯ ಮದುವೆ, ದೇವಸ್ಥಾನದ ಜೀರ್ಣೋದ್ಧಾರ, ಮಸೀದಿಯ ನವೀಕರಣಗಳ ಹಿಂದೆ ಈ ತರ್ಕವಿದೆ. ಅಮೆರಿಕಕ್ಕೆ ಹೋಗಿ ನೆಲೆಸಿದವನು ಅಲ್ಲೇ ಮನೆ ಕೊಳ್ಳುತ್ತಾನೆ. ದುಬೈಗೆ ಹೋದವನು ಬೈಂದೂರಿನಲ್ಲಿ ಕಟ್ಟಿಸುತ್ತಾನೆ. ಆದರೆ ಮನೆ ಮುಗಿಯುವಷ್ಟರಲ್ಲಿ ಮಕ್ಕಳ ಕಾಲೇಜು ಶುರುವಾಗುತ್ತದೆ. ಅದು ಮುಗಿಯುವಷ್ಟರಲ್ಲಿ ಮಗಳ ಮದುವೆ. ಹೊರಡುವಾಗ ಇದ್ದ ಒಂದು ಕಾರಣದ ಜಾಗದಲ್ಲಿ ಮರಳದಿರಲು ಹತ್ತು ಕಾರಣಗಳು ಹುಟ್ಟಿಕೊಳ್ಳುತ್ತವೆ. 'ಸ್ವಲ್ಪ ಕಾಲ' ಉದ್ದವಾಗುವುದು ಹೀಗೆ.

ಅದು ಒಮ್ಮೆಲೇ ಮೊಟಕಾಗುವುದೂ ಉಂಟು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಮರಳಿ ಕರೆತರಬೇಕಾಯಿತು. ಅನೇಕರು ಉಟ್ಟ ಬಟ್ಟೆಯಲ್ಲೇ ಬಂದಿಳಿದರು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ಮೀರಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಉಳಿದವರು ಎಂಟು ಮಂದಿ. 2020ರಲ್ಲಿ ಕೊರೊನಾ ಕಾಲದಲ್ಲಿ ಕೆಲಸ ಕಳೆದುಕೊಂಡವರು ವಿಮಾನವಿಲ್ಲದೆ ವಾರಗಟ್ಟಲೆ ಕಾದರು. ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಿದ್ದು ಮೇ 12ರಂದು.

ಇಂಥ ಯಾವ ಅನಾಹುತವೂ ಇಲ್ಲದೆ ಮರಳುವವನ ಕೈಯಲ್ಲಿ ಉಳಿಯುವುದೆಷ್ಟು? ಅಲ್ಲಿ ಆದಾಯ ತೆರಿಗೆಯಿಲ್ಲ ಎಂಬುದು ನಿಜ, ಆದರೆ ಹೊರನಾಡಿನ ನೌಕರನಿಗೆ ಪಿಂಚಣಿಯೂ ಇಲ್ಲ. ಸೇವಾಂತ್ಯದ ಉಪದಾನವೊಂದೇ ಆಧಾರ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಅನಂತರ ವರ್ಷಕ್ಕೆ 30 ದಿನದ ಮೂಲ ವೇತನ ಎಂಬುದು ಲೆಕ್ಕ. ಒಬ್ಬನೇ ಮಾಲೀಕನ ಬಳಿ 20 ವರ್ಷ ದುಡಿದವನಿಗೆ ಸಿಗುವುದು 555 ದಿನಗಳ, ಅಂದರೆ ಹದಿನೆಂಟೂವರೆ ತಿಂಗಳ ಮೂಲ ವೇತನ. ತಿಂಗಳಿಗೆ 2,000 ದಿರ್ಹಮ್ ಮೂಲ ವೇತನವಿದ್ದರೆ 37,000 ದಿರ್ಹಮ್. ಐವತ್ತೈದರ ವಯಸ್ಸಿನಲ್ಲಿ, ರಕ್ತದೊತ್ತಡ ಮಧುಮೇಹಗಳೊಂದಿಗೆ ಮರಳುವವನ ಮುಂದಿನ ಬದುಕಿಗೆ ಇದು ಸಾಲದು. ಉಳಿದದ್ದೆಲ್ಲ ಗೋಡೆಯಾಗಿ, ತಾರಸಿಯಾಗಿ ನಿಂತಿರುತ್ತದೆ. ಅದನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡೋಣವೆಂದರೆ ಹಳ್ಳಿಯಲ್ಲಿ ಹಿಡಿಯುವವರು ವಿರಳ.

ಹಾಗಾಗಿ ಹೊಸದಾಗಿ ಹೊರಡುವ ಹುಡುಗನಿಗೆ ಊರಿನ ಹಿರಿಯರು ಹೇಳಬೇಕಾದ್ದು ಬಿಸಿಲಿನ ವಿಚಾರವನ್ನಷ್ಟೇ ಅಲ್ಲ. ಎಷ್ಟು ವರ್ಷಕ್ಕೆ ಹೋಗುತ್ತೀ, ಯಾವುದಕ್ಕಾಗಿ ಹೋಗುತ್ತೀ, ಬಂದ ಮೇಲೆ ಏನು ಮಾಡುತ್ತೀ ಎಂಬ ಮೂರು ಪ್ರಶ್ನೆಗಳನ್ನು ವಿಮಾನ ಹತ್ತುವ ಮೊದಲೇ ಕೇಳಬೇಕು. ಅವನು ಅಲ್ಲಿ ಎಷ್ಟು ಕಾಲ ಇರಬಹುದೆಂಬುದನ್ನು ಆ ದೇಶದ ಕಾಯಿದೆ ಗೊತ್ತುಮಾಡಿದೆ. ಎಷ್ಟು ಕಾಲ ಇರಬೇಕೆಂಬುದನ್ನು ಗೊತ್ತುಮಾಡಬೇಕಾದವನು ಅವನೇ.